ಬದನಿಕೆ ಹಕ್ಕಿ, ಮಾವಿನ ಕೊಂಬೆ ಮತ್ತು ಕತ್ತಿ ಹಾಕುವ ಕಾಲ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟ ಹತ್ತಿದ ಮೇಲೆ ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಾಗಲಿ, ಹಳೆಯ ಮಾವಿನ ಮರವಿರುವ ಅಂಗಳದಲ್ಲಿ ದಿನಕ್ಕೆ ಹತ್ತಾರು ಸಲ ಒಂದು ಸದ್ದು ಕೇಳುತ್ತದೆ. ‘ಚಿಕ್, ಚಿಕ್, ಚಿಕ್’ ಎಂದು ಮರದ ನೆತ್ತಿಯಿಂದ ಬರುವ ಚೂಪಾದ, ಒಣ ದನಿ. ಒಂದೇ ಸಮನೆ ಕೆಲವು ಸೆಕೆಂಡು ಕೇಳಿ ನಿಲ್ಲುತ್ತದೆ, ಮರುಕ್ಷಣ ಪಕ್ಕದ ಮರದಲ್ಲಿ ಶುರುವಾಗುತ್ತದೆ. ಹೆಚ್ಚಿನವರು ಅದನ್ನು ಸೂರಕ್ಕಿಯ ದನಿ ಎಂದುಕೊಂಡು ಸುಮ್ಮನಾಗುತ್ತಾರೆ. ಕೂಗುತ್ತಿರುವುದು ಬದನಿಕೆ ಹಕ್ಕಿ; ಮರದ ಕೊಂಬೆಗೆ ಅಂಟಿ ಬೆಳೆಯುವ ಬದನಿಕೆ ಎಂಬ ಗಿಡದ ಹಣ್ಣು ತಿಂದು ಅದರ ಬೀಜ ಹರಡುವ ಹಕ್ಕಿ. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅಳೆದರೆ ಎಂಟು ಸೆಂಟಿಮೀಟರು, ತೂಕ ನಾಲ್ಕರಿಂದ ಎಂಟು ಗ್ರಾಂ. ಭಾರತದ ಅತಿ ಚಿಕ್ಕ ಹಕ್ಕಿಗಳಲ್ಲಿ ಇದೂ ಒಂದು. ಇಷ್ಟು ಸಣ್ಣ ಜೀವ ನಮ್ಮ ಮಾವು, ಗೇರು, ಚಿಕ್ಕು ಮರಗಳ ಆರೋಗ್ಯದೊಂದಿಗೆ ಎಷ್ಟು ಹತ್ತಿರದ ಸಂಬಂಧ ಇಟ್ಟುಕೊಂಡಿದೆ ಎಂಬುದನ್ನು ಮರ ಬೆಳೆಸಿದ ಪ್ರತಿಯೊಬ್ಬರೂ ತಿಳಿದಿರಬೇಕು. ಹಕ್ಕಿಯನ್ನು ದೂರಲು ಅಲ್ಲ. ಮರವನ್ನೂ ಹಕ್ಕಿಯನ್ನೂ ಒಟ್ಟಿಗೆ ಉಳಿಸಿಕೊಳ್ಳುವ ದಾರಿ ಇದೆ, ಆ ದಾರಿ ಹೆಚ್ಚಾಗಿ ಕತ್ತಿ ಹಾಕುವ ತಿಂಗಳನ್ನು ಅವಲಂಬಿಸಿದೆ, ಅದಕ್ಕೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಗುಂಪಿನ ಮೂರು ಹಕ್ಕಿಗಳು ಸಿಗುತ್ತವೆ. ಮೂರಕ್ಕೂ ಬಣ್ಣದ ಬಡಿವಾರವಿಲ್ಲ, ಗಂಡು ಹೆಣ್ಣಿಗೆ ನೋಡಲು ವ್ಯತ್ಯಾಸವೂ ಇಲ್ಲ. ಹಾಗಾಗಿ ಗುರುತಿಸುವುದು ಕೊಕ್ಕಿನಿಂದ. ಊರೊಳಗೆ ಎಲ್ಲೆಡೆ ಇರುವ ಸಾಮಾನ್ಯ ಬದನಿಕೆ ಹಕ್ಕಿಯ ಬೆನ್ನು ಬೂದುಗಂದು, ಅದರಲ್ಲಿ ಒಂದಿಷ್ಟು ಪಾಚಿ ಹಸಿರಿನ ಛಾಯೆ. ಹೊಟ್ಟೆ ಮಾಸಲು ಬಿಳಿ. ಕೊಕ್ಕು ಮಾತ್ರ ನಸುಗೆಂಪು, ತೆಳು, ತುದಿಯಲ್ಲಿ ತುಸು ಬಾಗಿದ್ದು. ಬೆಳಕು ಹಕ್ಕಿಯ ಮೇಲೆ ಬೀಳುವಂತೆ ನಿಂತರೆ ಈ ಮಾಂಸವರ್ಣದ ಕೊಕ್ಕು ಸ್ಪಷ್ಟವಾಗಿ ಕಾಣುತ್ತದೆ, ಬೆಳಕಿಗೆ ಎದುರಾಗಿ ನಿಂತರೆ ಕಪ್ಪಾಗಿಯೇ ಕಾಣುತ್ತದೆ. ತಪ್ಪು ಗುರುತಿಗೆ ಮುಖ್ಯ ಕಾರಣವೇ ಇದು. ಎರಡನೆಯದು ನೀಲಗಿರಿ ಬದನಿಕೆ ಹಕ್ಕಿ. ಕೊಕ್ಕು ಗಾಢ ಬಣ್ಣದ್ದು, ಕಣ್ಣಿನ ಮೇಲೆ ಮಸುಕಾದ ಬಿಳಿ ಹುಬ್ಬು, ಕಣ್ಣು ಮತ್ತು ಕೊಕ್ಕಿನ ನಡುವಿನ ಜಾಗವೂ ಬಿಳಿಚು. 1840ರಲ್ಲಿ ಪಕ್ಷಿತಜ್ಞ ಜೆರ್ಡನ್ ವಿವರಿಸಿದ ಹಕ್ಕಿ ಇದು. ಹಿಂದೆ ಈಶಾನ್ಯ ಭಾರತದ ಮತ್ತು ಅಂಡಮಾನಿನ ಹಕ್ಕಿಗಳ ಜೊತೆ ಸೇರಿಸಿ ಒಂದೇ ಜಾತಿ ಎನ್ನುತ್ತಿದ್ದರು, ಈಗ ಮೂರನ್ನೂ ಬೇರ್ಪಡಿಸಿ ಇದನ್ನು ನಮ್ಮ ಘಟ್ಟಸಾಲಿನದ್ದೆಂದು ಇಟ್ಟಿದ್ದಾರೆ. ಮೂರನೆಯದು ದಪ್ಪಕೊಕ್ಕಿನದು. ಕೊಕ್ಕು ಗಿಡ್ಡ, ಬುಡದಲ್ಲಿ ದಪ್ಪ. ಬೆಳೆದ ಹಕ್ಕಿಯ ಕಣ್ಣು ಕೆಂಪು ಛಾಯೆಯದು. ಎದೆಯ ಮೇಲೆ ಅಸ್ಪಷ್ಟ ಗೀರು. ಇದಕ್ಕೊಂದು ಚಾಳಿಯಿದೆ: ಕೂತಲ್ಲಿ ಬಾಲವನ್ನು ಎಡಬಲಕ್ಕೆ ತಿರುಚುತ್ತಲೇ ಇರುತ್ತದೆ. ಕೊಕ್ಕು ಕಾಣದಷ್ಟು ಎತ್ತರದಲ್ಲಿದ್ದರೂ ಬಾಲದ ಈ ಆಟದಿಂದಲೇ ಹಿಡಿಯಬಹುದು.

ಇವುಗಳ ಜೊತೆ ಗೊಂದಲ ಹುಟ್ಟಿಸುವ ಹಕ್ಕಿಗಳು ಮುಖ್ಯವಾಗಿ ಎರಡು ಬಗೆ. ಹೆಣ್ಣು ಸೂರಕ್ಕಿಯ ಕೊಕ್ಕು ಉದ್ದ, ಬಾಗು ಹೆಚ್ಚು, ಹೊಟ್ಟೆಯಲ್ಲಿ ಹಳದಿ ಇರುತ್ತದೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಎಲೆ ಉಲಿಯಕ್ಕಿಗಳಿಗೆ ನೇರವಾದ ಪುಟ್ಟ ಕೊಕ್ಕು, ಕಣ್ಣಿನ ಮೇಲೆ ಎದ್ದು ಕಾಣುವ ಪಟ್ಟಿ. ಅವು ಬೇಸಿಗೆಯಲ್ಲಿ ಹೊರಟುಹೋಗುತ್ತವೆ. ಬದನಿಕೆ ಹಕ್ಕಿ ವಲಸೆ ಹೋಗುವುದಿಲ್ಲ, ವರ್ಷವಿಡೀ ಇಲ್ಲೇ. ಮಳೆಗಾಲದ ನಡುವೆ ಮಳೆ ಒಂದರ್ಧ ಗಂಟೆ ಬಿಡುವು ಕೊಟ್ಟಾಗ ಮರದ ತುದಿಯಲ್ಲಿ ಕೇಳುವ ಆ ‘ಚಿಕ್’ ಇದರದ್ದೇ.

ವಾಸದ ಜಾಗ ನೋಡಿದರೆ ಸಾಮಾನ್ಯ ಬದನಿಕೆ ಹಕ್ಕಿ ತೋಪು, ಹಿತ್ತಲು, ಪೇಟೆಯ ಬೀದಿಮರಗಳನ್ನು ಒಪ್ಪಿಕೊಂಡಿದೆ. ಅಂಕೋಲೆಯ ಇಶಾಡು ಮಾವಿನ ಮರ, ಕುಮಟೆಯ ಗೇರು ಹಕ್ಕಲು, ಕಾರವಾರದ ಕಚೇರಿ ಆವರಣದ ಮರಗಳು ಎಲ್ಲವೂ ಇದಕ್ಕೆ ಸಾಕು. ನೀಲಗಿರಿಯದ್ದು ಘಟ್ಟದ ಹಸಿರು ಕಾಡು, ಕಾಡಂಚು ಮತ್ತು ತೋಟಗಳನ್ನು ಬಯಸುತ್ತದೆ. ಅಡಿಕೆ ತೋಟದ ಮೇಲ್ಬದಿಯ ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ಕೊಯ್ಯುವ ಕಾಡಿನಲ್ಲಿ, ಮೂರೂ ಸಿಗಬಹುದು. ಆಲ, ಬಸರಿ, ಅತ್ತಿ ಹಣ್ಣಾದಾಗ ದಪ್ಪಕೊಕ್ಕಿನದಕ್ಕೆ ಅಲ್ಲೇ ಕಾಯಬೇಕು. ಉತ್ತರ ಕನ್ನಡದ ಹಕ್ಕಿಗಳ ದಾಖಲೆ ಹಳೆಯದು. ಇಲ್ಲಿ ಜಿಲ್ಲಾಧಿಕಾರಿಯಾಗಿದ್ದ ಜೇಮ್ಸ್ ಡೇವಿಡ್‌ಸನ್ ಈ ಜಿಲ್ಲೆಯ ಹಕ್ಕಿಗಳ ಬಗ್ಗೆ ಬರೆದ ಲೇಖನ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ 1898ರಲ್ಲಿ ಅಚ್ಚಾಗಿದೆ. ಇಷ್ಟು ಹಳೆಯ ಪರಂಪರೆ ಇರುವ ಜಿಲ್ಲೆಯಲ್ಲಿ ಮನೆಯಂಗಳದ ಹಕ್ಕಿಯೇ ಮನೆಯವರಿಗೆ ಅಪರಿಚಿತವಾಗಿ ಉಳಿದಿದೆ ಎನ್ನುವುದು ನನಗೆ ನೋವಿನ ಸಂಗತಿ.

ಇನ್ನು ಬದನಿಕೆಯ ವಿಷಯ. ಕೆಲವರು ಬಂದಳಿಕೆ ಎನ್ನುತ್ತಾರೆ. ಮಾವಿನ ಕೊಂಬೆಯ ನಡುವೆ ಬೇರೆಯೇ ಬಣ್ಣದ, ದಪ್ಪ ಎಲೆಯ ಪೊದೆ ಬೆಳೆದು ಕೊಂಬೆಯನ್ನು ಗಂಟುಗಟ್ಟಿಸುತ್ತದಲ್ಲ, ಅದು. ಕರಾವಳಿಯ ತೋಪುಗಳಲ್ಲಿ ಹೆಚ್ಚಾಗಿ ಕಾಣುವ ಎರಡು ಜಾತಿಗಳೆಂದರೆ ಡೆಂಡ್ರೊಫ್ತೊ ಫಾಲ್ಕೇಟಾ ಮತ್ತು ಹೆಲಿಕ್ಯಾಂತಸ್ ಇಲಾಸ್ಟಿಕಾ. ಮೊದಲನೆಯದು ಮುನ್ನೂರಕ್ಕೂ ಹೆಚ್ಚು ಜಾತಿಯ ಮರಗಳ ಮೇಲೆ ಬೆಳೆದದ್ದು ದಾಖಲಾಗಿದೆ. ಎರಡನೆಯದು ಭಾರತಕ್ಕೇ ಸೀಮಿತ. ಅದರ ಕುಲದಲ್ಲಿ ಇರುವುದು ಅದೊಂದೇ ಜಾತಿ. ಬದನಿಕೆ ಪೂರ್ತಿ ಪರಾವಲಂಬಿಯಲ್ಲ. ಎಲೆ ಹಸಿರಿದೆ, ಬಿಸಿಲಿನಲ್ಲಿ ತನ್ನ ಆಹಾರ ತಾನೇ ತಯಾರಿಸುತ್ತದೆ. ಮುಖ್ಯವಾಗಿ ನೀರು ಮತ್ತು ಖನಿಜವನ್ನು ಆಸರೆ ಮರದಿಂದ ಎಳೆಯುತ್ತದೆ. ತೊಂದರೆ ಇರುವುದೂ ಅಲ್ಲೇ. ಬೇಸಿಗೆಯಲ್ಲಿ ಮರ ತನ್ನ ಎಲೆಯ ರಂಧ್ರ ಮುಚ್ಚಿ ನೀರು ಉಳಿಸಲು ನೋಡಿದರೆ ಬದನಿಕೆ ತನ್ನ ರಂಧ್ರ ತೆರೆದೇ ಇಟ್ಟು ನೀರು ಎಳೆಯುತ್ತಿರುತ್ತದೆ. ಹೀಗಾಗಿ ಅದು ಕೂತ ಜಾಗದಿಂದ ಆಚೆಗಿನ ತುದಿ ಮೊದಲು ಬಡವಾಗುತ್ತದೆ, ಕಾಯಿ ಕಡಿಮೆಯಾಗುತ್ತದೆ, ಕೊನೆಗೆ ಒಣಗುತ್ತದೆ.

ಡೆಂಡ್ರೊಫ್ತೊದ ಹಣ್ಣು ಸುಮಾರು ಒಂದು ಸೆಂಟಿಮೀಟರಿನದು, ಹಣ್ಣಾದಾಗ ನಸುಗೆಂಪು. ಸಿಪ್ಪೆಯೊಳಗೆ ಸಿಹಿ ತಿರುಳು, ನಡುವೆ ಒಂದೇ ಬೀಜ, ಬೀಜದ ಸುತ್ತ ಅಂಟು. ಎಂಟು ಸೆಂಟಿಮೀಟರಿನ ಹಕ್ಕಿ ಒಂದು ಸೆಂಟಿಮೀಟರಿನ ಹಣ್ಣನ್ನು ಇಡಿಯಾಗಿ ನುಂಗುತ್ತದೆ. ಇದು ಸಾಧ್ಯವಾಗುವುದು ಅದರ ಹೊಟ್ಟೆಯ ರಚನೆಯಿಂದ. ಬೇರೆ ಹಕ್ಕಿಗಳಲ್ಲಿ ತಿಂದದ್ದೆಲ್ಲ ಅರೆಯುವ ಜಠರದ ಮೂಲಕವೇ ಹಾದುಹೋಗಬೇಕು. ಇದರಲ್ಲಿ ಜಠರ ಬದಿಗೆ ಚೀಲವಾಗಿ ಸರಿದಿದೆ: ಹುಳು, ಜೇಡ ತಿಂದರೆ ಅವು ಆ ಚೀಲಕ್ಕೆ ಹೋಗಿ ಅರೆಯಲ್ಪಡುತ್ತವೆ, ಹಣ್ಣು ಮಾತ್ರ ಅತ್ತ ಹೋಗದೆ ನೇರ ಕರುಳಿಗೆ ಇಳಿಯುತ್ತದೆ. ತಿರುಳು ಕರಗಿ ಬೀಜ ಕೆಲವೇ ನಿಮಿಷಗಳಲ್ಲಿ ಹೊರಬರುತ್ತದೆ, ಅಂಟು ಹಾಗೇ ಉಳಿದಿರುತ್ತದೆ. ಅಂಟಿರುವ ಕಾರಣ ಬೀಜ ತಾನಾಗಿ ಕೆಳಗೆ ಬೀಳುವುದಿಲ್ಲ. ಹಕ್ಕಿ ಕೊಂಬೆಯ ಮೇಲೆ ಪಕ್ಕಕ್ಕೆ ತಿರುಗಿ, ಹಿಂಭಾಗವನ್ನು ತೊಗಟೆಗೆ ಒರೆಸಿ ಬೀಜವನ್ನು ಬಿಡಿಸಿಕೊಳ್ಳಬೇಕು. ಹೀಗೆ ಒಂದೇ ಕೊಂಬೆಯ ಮೇಲೆ ಹಲವು ಬೀಜ ಒರೆಸಿದ ಕಡೆ ಅವು ದಾರಕ್ಕೆ ಮಣಿ ಪೋಣಿಸಿದಂತೆ ಸಾಲಾಗಿ ಅಂಟಿಕೊಂಡಿರುತ್ತವೆ. ಮಾರ್ಚ್ ಏಪ್ರಿಲ್ ಹೊತ್ತಿಗೆ ಬದನಿಕೆ ಇರುವ ಮರದ ಕೆಳಕೊಂಬೆಗಳನ್ನು ಹುಡುಕಿದರೆ ಈ ಸಾಲು ಬರಿಗಣ್ಣಿಗೇ ಸಿಗುತ್ತದೆ. ತಂತಿಯ ಮೇಲೂ ಸಿಗುತ್ತದೆ, ಅಲ್ಲಿ ಅದು ಒಣಗಿ ಸಾಯುತ್ತದೆ.

ದಪ್ಪಕೊಕ್ಕಿನದು ಈ ಹಣ್ಣನ್ನು ತಿನ್ನುವ ಕ್ರಮವೇ ಬೇರೆ. ಅದು ನುಂಗುವುದಿಲ್ಲ. ಕೊಕ್ಕಿನಲ್ಲೇ ಹೊರಳಿಸಿ, ತಿರುಳನ್ನು ಹಿಂಡಿ ತೆಗೆದು, ಬೀಜವನ್ನು ತಾನು ಕೂತ ಕೊಂಬೆಗೆ ಕೊಕ್ಕಿನಿಂದಲೇ ಒರೆಸಿಬಿಡುತ್ತದೆ. ಆದ್ದರಿಂದ ಬೀಜ ದೂರ ಸಾಗುವುದಿಲ್ಲ. ಅದೇ ಮರ ಅಥವಾ ಪಕ್ಕದ ಮರ. ನುಂಗುವ ಹಕ್ಕಿಯೂ ಬಹಳ ದೂರ ಒಯ್ಯುವುದಿಲ್ಲ, ಕೆಲವು ನಿಮಿಷದಲ್ಲಿ ಎಷ್ಟು ಹಾರಬಹುದೋ ಅಷ್ಟೇ. ತೋಪಿನ ಒಂದು ಮರ ಬದನಿಕೆಯಿಂದ ತುಂಬಿಹೋಗಿ ನಾಲ್ಕು ಮರದಾಚೆಯದು ಚೊಕ್ಕಟವಾಗಿರುವುದು ಏಕೆ ಎಂದು ಬಹಳ ಜನ ಕೇಳುತ್ತಾರೆ. ಮರದ ಜಾತಿ, ತೊಗಟೆಯ ಗುಣಕ್ಕೂ ಅದರಲ್ಲಿ ಪಾಲಿದೆ. ಆದರೆ ಮುಖ್ಯ ಕಾರಣ ಹಕ್ಕಿಯ ದಿನಚರಿ: ಹಣ್ಣಿರುವ ಮರಕ್ಕೇ ಮತ್ತೆ ಮತ್ತೆ ಬರುತ್ತದೆ, ಬಂದಲ್ಲೇ ಕೂರುತ್ತದೆ, ಕೂತಲ್ಲೇ ಒರೆಸುತ್ತದೆ. ಮೊದಲ ಒಂದೆರಡು ಪೊದೆಗಳನ್ನು ಹಣ್ಣು ಬಿಡುವ ಮುಂಚೆ ತೆಗೆದರೆ ಇಡೀ ಮರ ಉಳಿಯುವುದು ಈ ಲೆಕ್ಕದಿಂದಲೇ.

ಕೊಂಬೆಗೆ ಅಂಟಿದ ಬೀಜಗಳಲ್ಲಿ ಬಹುಪಾಲು ಗಿಡವಾಗುವುದಿಲ್ಲ. ಮೊಳಕೆಯೊಡೆಯಲು ಮಣ್ಣು ಬೇಡ, ಬೀಜದೊಳಗಿನ ತೇವವೇ ಸಾಕು. ಮೊಳಕೆಯ ತುದಿ ಬಾಗಿ ತೊಗಟೆಯನ್ನು ಮುಟ್ಟಿ, ಚಪ್ಪಟೆಯಾದ ಬಿಲ್ಲೆಯಾಗಿ ಅಂಟಿಕೊಂಡು, ಅದರ ನಡುವಿನಿಂದ ಒಳಗೆ ಬೇರು ಇಳಿಸಬೇಕು. ದಪ್ಪ, ಒರಟು, ಸತ್ತ ತೊಗಟೆಯಲ್ಲಿ ಇಳಿಯಲಾಗದೆ ಸೋಲುತ್ತದೆ. ದಟ್ಟ ನೆರಳಲ್ಲಿ ಸೊರಗುತ್ತದೆ. ಬೆಳಕು ಬೀಳುವ ತೆಳು ಕೊಂಬೆಯೇ ಅದಕ್ಕೆ ಬೇಕು. ಎಳೆಯ ಗಿಡಕ್ಕೆ ಎರಡೇ ಎಲೆ ಇರುವಾಗ ಉಗುರಿನಿಂದ ಕೆರೆದು ತೆಗೆಯಬಹುದು. ಒಂದು ಸಲ ಒಳಗೆ ಇಳಿದ ಮೇಲೆ ಮೇಲಿನದನ್ನು ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ.

ಹಣ್ಣಿನಷ್ಟೇ ಹೂವಿನಲ್ಲೂ ಹಕ್ಕಿಯ ಕೆಲಸವಿದೆ. ಡೆಂಡ್ರೊಫ್ತೊದ ಹೂವು ಉದ್ದನೆಯ ಕೊಳವೆ. ಬಲಿತ ಮೊಗ್ಗಿನ ತುದಿಯನ್ನು ಹಕ್ಕಿ ಕೊಕ್ಕಿನಿಂದ ಒತ್ತಿದಾಗ ಮೊಗ್ಗು ಸಿಡಿದು ತೆರೆದು ಪರಾಗವನ್ನು ಅದರ ಹಣೆಗೆ ಎರಚುತ್ತದೆ. ಹಕ್ಕಿ ಮಕರಂದ ಕುಡಿದು ಮುಂದಿನ ಹೂವಿಗೆ ಹೋಗುವಾಗ ಪರಾಗವೂ ಹೋಗುತ್ತದೆ. ಇದರಲ್ಲಿ ಸೂರಕ್ಕಿಯ ಪಾಲು ದೊಡ್ಡದು. ಹಾಗಾಗಿ ಗಿಡಕ್ಕೆ ಎರಡು ಹಕ್ಕಿ ಕುಟುಂಬಗಳ ಋಣವಿದೆ: ಹೂವು ಕಾಯಿಯಾಗಲು ಸೂರಕ್ಕಿ, ಕಾಯಿ ಗಿಡವಾಗಲು ಬದನಿಕೆ ಹಕ್ಕಿ. ಸಾಲಿಂ ಅಲಿಯವರು ಕೊಂಕಣದಲ್ಲಿ ಇದನ್ನು ಕೂತು ಗಮನಿಸಿ 1931ರಲ್ಲಿ ಬರೆದ ಲೇಖನ ನಮ್ಮ ಪಶ್ಚಿಮ ಕರಾವಳಿಯ ಬಗ್ಗೆ ಬಂದ ಅತ್ಯುತ್ತಮ ನಿಸರ್ಗ ವೀಕ್ಷಣೆಗಳಲ್ಲೊಂದು ಎಂದು ನಾನು ನಂಬಿದ್ದೇನೆ. ಮುಂದೆ 1980ರ ದಶಕದಲ್ಲಿ ಪರಿಸರ ವಿಜ್ಞಾನಿ ಪ್ರಿಯಾ ದಾವಿದಾರ್ ಅವರು ನೀಲಗಿರಿಯಲ್ಲಿ ಈ ಸಂಬಂಧವನ್ನು ಇನ್ನಷ್ಟು ಬಿಡಿಸಿ ನೋಡಿದರು. ಕೆಲವು ಬದನಿಕೆ ಜಾತಿಗಳಲ್ಲಿ ಬಲಿತ ಮೊಗ್ಗೂ ಹಣ್ಣೂ ಒಂದನ್ನೊಂದು ಹೋಲುತ್ತವೆ, ಹಣ್ಣಿಗೆ ಬರುವ ಹಕ್ಕಿಯಿಂದಲೇ ಹೂವಿಗೂ ಕೆಲಸವಾಗುತ್ತದೆ ಎಂದು ತೋರಿಸಿದರು.

ಬದನಿಕೆಯನ್ನು ಬರೀ ಕಳೆ ಎಂದು ಬರೆದುಹಾಕಬಾರದು ಎನ್ನಲು ಹಕ್ಕಿಯೊಂದೇ ಕಾರಣವಲ್ಲ. ರೆಕ್ಕೆಯಡಿಯಲ್ಲಿ ಹಳದಿ ಕೆಂಪು ಬಣ್ಣ ತುಂಬಿಕೊಂಡ ಜೆಜೆಬೆಲ್ ಚಿಟ್ಟೆಯ ಹುಳುಗಳು ಗುಂಪಾಗಿ ತಿಂದು ಬೆಳೆಯುವುದು ಈ ಗಿಡದ ಎಲೆಯನ್ನೇ. ಆಡಿಗೆ ಇದು ಒಳ್ಳೆಯ ಸೊಪ್ಪು.

ಸಂತಾನದ ಕಾಲಕ್ಕೆ ಬರೋಣ. ಸಾಮಾನ್ಯ ಬದನಿಕೆ ಹಕ್ಕಿ ಗೂಡು ಕಟ್ಟುವುದು ಫೆಬ್ರುವರಿಯಿಂದ ಜೂನ್‌ವರೆಗೆ. ಕೆಲವು ಜೋಡಿಗಳು ಸೆಪ್ಟೆಂಬರ್ ಸುಮಾರಿಗೆ ಇನ್ನೊಮ್ಮೆ ಕಟ್ಟುತ್ತವೆ. ಫೆಬ್ರುವರಿಯ ಲೆಕ್ಕ ನಮ್ಮ ಕರಾವಳಿಗೆ ಸರಿಯಾಗಿ ಹೊಂದುತ್ತದೆ, ಏಕೆಂದರೆ ಆಗ ಬದನಿಕೆ ಹಣ್ಣಿಗೆ ಬರುತ್ತಿರುತ್ತದೆ, ಗೂಡಿಗೆ ಬೇಕಾದ ಅರಳೆಯೂ ಎಕ್ಕದ ಕಾಯಿ, ಬೂರುಗದ ಕಾಯಿ ಒಡೆದು ಸಿಗತೊಡಗುತ್ತದೆ. ಕೊಕ್ಕಿನಲ್ಲಿ ಬಿಳಿ ಅರಳೆಯ ಎಳೆ ಹಿಡಿದು ಹಾರುವ ಪುಟ್ಟ ಹಕ್ಕಿ ಕಂಡರೆ ನಿಂತಲ್ಲೇ ನಿಂತು ಕಣ್ಣಿನಿಂದ ಹಿಂಬಾಲಿಸಿ. ಗೂಡು ಹುಡುಕಲು ಇದಕ್ಕಿಂತ ಸುಲಭ ದಾರಿ ಬೇರೆ ಇಲ್ಲ. ಕಟ್ಟಿ ಮುಗಿದ ಗೂಡನ್ನು ಎಲೆಗಳ ನಡುವೆ ಹುಡುಕುವುದು ಬಹಳ ಕಷ್ಟ.

ಗೂಡು ನೆಲದಿಂದ ಮೂರರಿಂದ ಹನ್ನೆರಡು ಮೀಟರ್ ಎತ್ತರದಲ್ಲಿ, ತೆಳು ರೆಂಬೆಯ ತುದಿಗೆ ಜೋತುಬಿದ್ದ ಪುಟ್ಟ ಚೀಲ. ಮೇಲೆ ಕಿರಿದು, ಕೆಳಗೆ ಅಗಲ. ಮೃದು ನಾರು ಮತ್ತು ಅರಳೆಯನ್ನು ಜೇಡನ ಬಲೆಯಿಂದ ಒತ್ತಿ ಒತ್ತಿ ಬೆಸೆದಿರುತ್ತದೆ, ಹಾಗಾಗಿ ಹುಲ್ಲಿನ ಗೂಡಿನ ಒರಟುತನವಿಲ್ಲ. ಗೋಡೆ ತೆಳು, ಬಳುಕುತ್ತದೆ. ಒಂದು ಪಕ್ಕದಲ್ಲಿ, ಮೇಲ್ಭಾಗಕ್ಕೆ ಹತ್ತಿರ, ಸೀಳಿನಂತಹ ಬಾಗಿಲು. ಬಣ್ಣ ನಸುಗೆಂಪು ಬೆರೆತ ಕಂದು. ಮಾವಿನ ಮರದಲ್ಲಿ ಇದು ಒಣಗಿ ಸುರುಟಿದ ಎಲೆಯೆಂದೇ ಕಾಣುತ್ತದೆ, ಅದರ ರಕ್ಷಣೆಯೂ ಅದೇ. ಸೂರಕ್ಕಿಯ ಗೂಡೂ ಜೋತಾಡುವ ಚೀಲವೇ ಆದರೂ ಗೊಂದಲಕ್ಕೆ ಕಾರಣವಿಲ್ಲ. ಸೂರಕ್ಕಿ ತೊಗಟೆ ಚೂರು, ಹುಳುವಿನ ಹಿಕ್ಕೆ, ಕಸಕಡ್ಡಿ ಎಲ್ಲವನ್ನೂ ಹೊರಗೆ ಅಂಟಿಸಿರುತ್ತದೆ, ಬಾಗಿಲ ಮೇಲೆ ಪುಟ್ಟ ಚಾಚು ಕಟ್ಟುತ್ತದೆ, ಕೆಳಗೆ ಬಾಲದಂತೆ ಕಸ ಇಳಿಬಿಟ್ಟಿರುತ್ತದೆ. ಬದನಿಕೆ ಹಕ್ಕಿಯ ಗೂಡಿಗೆ ಚಾಚಿಲ್ಲ, ಬಾಲವಿಲ್ಲ, ಹೊರಮೈ ನಯ. ಗಾತ್ರವೂ ಚಿಕ್ಕದು.

ಮೊಟ್ಟೆ ಎರಡು ಅಥವಾ ಮೂರು, ಅಚ್ಚ ಬಿಳಿ, ಚುಕ್ಕೆಯಿಲ್ಲ. ದಪ್ಪಕೊಕ್ಕಿನದರ ಮೊಟ್ಟೆಗಳಲ್ಲಿ ಮಾತ್ರ ಕಲೆಗಳಿರುತ್ತವೆ. ಗೂಡು ಕಟ್ಟುವುದರಲ್ಲೂ ಮರಿಗೆ ಉಣಿಸುವುದರಲ್ಲೂ ಗಂಡು ಹೆಣ್ಣು ಎರಡೂ ದುಡಿಯುತ್ತವೆ. ಹಣ್ಣುಬಾಕ ಹಕ್ಕಿಯಾದರೂ ಎಳೆಮರಿಗೆ ಹಣ್ಣೊಂದೇ ಸಾಲುವುದಿಲ್ಲ. ಮೈ ಬೆಳೆಯಲು ಪ್ರೋಟೀನು ಬೇಕು, ಅದಕ್ಕೆ ಜೇಡ, ಎಳೆ ಹುಳು. ಮರಿ ಬಲಿತಂತೆ ಹಣ್ಣಿನ ಪಾಲು ಹೆಚ್ಚುತ್ತದೆ. ಹೂ ಬಿಟ್ಟ ಮಾವಿಗೆ ಜಿಗಿಹುಳುವಿನ ಭಯದಿಂದ ಎರಡೆರಡು ಸಲ ಔಷಧಿ ಹೊಡೆದ ತೋಪಿನಲ್ಲಿ ಈ ಜೇಡ, ಹುಳುಗಳೇ ಇರುವುದಿಲ್ಲ. ಅಲ್ಲಿ ಬದನಿಕೆ ಎಷ್ಟೇ ಹಣ್ಣು ಬಿಟ್ಟರೂ ಮರಿಯ ಹೊಟ್ಟೆಗೆ ಬೇಕಾದದ್ದು ಸಿಗದು.

ಗೂಡು ಕೆಡುವುದಕ್ಕೆ ಕಾರಣ ಹಲವು. ಕಾಗೆ, ಮಟಪಕ್ಷಿ, ಕೆಂಬೂತ, ಹಾವು ಇವೆಲ್ಲ ಕಾಡಿನ ಲೆಕ್ಕಕ್ಕೆ ಸೇರಿದವು; ತೆಳು ರೆಂಬೆಯ ತುದಿಯನ್ನು ಆರಿಸಿಕೊಂಡಿರುವುದೇ ಇವುಗಳ ಭಾರಕ್ಕೆ ಅದು ತಾಳಬಾರದು ಎಂದು. ಮೇ ತಿಂಗಳ ಗುಡುಗುಮಳೆಯ ಗಾಳಿಗೆ ರೆಂಬೆ ಸಮೇತ ಮುರಿದು ಬೀಳುವುದುಂಟು. ನಮ್ಮ ಕೈಯಿಂದ ಆಗುವ ಹಾನಿ ಎರಡು ಬಗೆಯದು. ಘಟ್ಟದ ಮೇಲೆ ಅಪ್ಪೆಮಿಡಿ ಕೊಯ್ಲು ಬೀಳುವುದೂ ಇದೇ ಫೆಬ್ರುವರಿ, ಮಾರ್ಚ್, ಏಪ್ರಿಲ್‌ನಲ್ಲಿ. ಹೊಳೆಯಂಚಿನ ಎತ್ತರದ ಅಪ್ಪೆ ಮರ ಹತ್ತಿ ಒಂದೊಂದೇ ಗೊಂಚಲು ಬಿಡಿಸುವ ತಾಳ್ಮೆಯಿರುವವರು ರೆಂಬೆ ಮುಟ್ಟುವುದಿಲ್ಲ. ಅವಸರದವರು ಕೊಂಬೆಯನ್ನೇ ಕಡಿದು ಕೆಳಗೆ ಹಾಕಿ ನೆಲದಲ್ಲಿ ಬಿಡಿಸುತ್ತಾರೆ. ಆ ಒಂದು ಕೊಂಬೆಯ ಜೊತೆ ಮುಂದಿನ ಹಲವು ವರ್ಷಗಳ ಮಿಡಿ ಹೋಗುತ್ತದೆ, ಗೂಡಿದ್ದರೆ ಅದೂ ಹೋಗುತ್ತದೆ. ಮರ ಗುತ್ತಿಗೆಗೆ ಕೊಡುವಾಗಲೇ ಕೊಂಬೆ ಕಡಿಯಬಾರದು ಎಂಬ ಕರಾರು ಮಾಡಿಕೊಳ್ಳುವುದು ಮರದ ಯಜಮಾನನಿಗೂ ಲಾಭ. ಇನ್ನೊಂದು, ಬದನಿಕೆ ಕಡಿಯುವುದು. ಹಣ್ಣು ಕೊಯ್ದು ಮುಗಿಯುವ ಮೇ, ಜೂನ್‌ನಲ್ಲಿ ಮರ ಹತ್ತಿದ್ದೇ ನೆಪವಾಗಿ ಅದನ್ನೂ ಕಡಿದು ಬಿಸಾಡುವ ರೂಢಿಯಿದೆ. ಇದು ಎರಡು ರೀತಿಯಲ್ಲಿ ಕೆಟ್ಟ ಕಾಲ: ಗೂಡಿನಲ್ಲಿ ಮರಿ ಇರಬಹುದು, ಬದನಿಕೆಯ ಹಣ್ಣು ಆಗಲೇ ತಿಂದು ಒರೆಸಿ ಆಗಿರುತ್ತದೆ. ಕಡಿದ ಶ್ರಮಕ್ಕೆ ಫಲವೂ ಇಲ್ಲ. ಜೊತೆಗೆ, ಹಸಿ ಗಾಯ ಮಳೆಗೆ ಸಿಕ್ಕಿ ಶಿಲೀಂಧ್ರ ಇಳಿಯುತ್ತದೆ.

ಸರಿಯಾದ ಕಾಲ ಅಕ್ಟೋಬರ್ ಕೊನೆಯಿಂದ ನವೆಂಬರ್. ಮಳೆ ನಿಂತಿರುತ್ತದೆ, ಗಾಯ ಬೇಗ ಒಣಗುತ್ತದೆ. ಎರಡನೇ ಸಲದ ಗೂಡು ಇದ್ದರೂ ಮುಗಿದಿರುತ್ತದೆ. ಮಾವು ಇನ್ನೂ ಹೂ ಬಿಟ್ಟಿರುವುದಿಲ್ಲ, ಬದನಿಕೆಯ ಹಣ್ಣು ಮಾಗಿರುವುದಿಲ್ಲ. ಆದರೂ ಕತ್ತಿ ಹಾಕುವ ಮುಂಚೆ ಹತ್ತು ನಿಮಿಷ ಕೆಳಗೆ ನಿಂತು ನೋಡಿ. ಒಂದೇ ರೆಂಬೆಗೆ ಹಕ್ಕಿ ಮತ್ತೆ ಮತ್ತೆ ಬರುತ್ತಿದ್ದರೆ ಆ ರೆಂಬೆಯನ್ನು ಬಿಟ್ಟುಬಿಡಿ. ಕಾಡುಹಕ್ಕಿಯ ಗೂಡು, ಮೊಟ್ಟೆಗೆ ಹಾನಿ ಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎನ್ನುವುದೂ ನೆನಪಿರಲಿ.

ಕಡಿಯುವುದು ಎಲ್ಲಿ ಎಂಬುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ದೋಟಿಯ ತುದಿಗೆ ಕತ್ತಿ ಕಟ್ಟಿ ಬದನಿಕೆಯ ಸೊಪ್ಪನ್ನಷ್ಟೇ ಎಳೆದು ಹಾಕಿದರೆ ಒಂದೇ ಮಳೆಗಾಲದಲ್ಲಿ ಮತ್ತೆ ಅಷ್ಟೇ ಬೆಳೆಯುತ್ತದೆ, ಏಕೆಂದರೆ ಬೇರು ಕೊಂಬೆಯ ಕಟ್ಟಿಗೆಯೊಳಗಿದೆ. ಡೆಂಡ್ರೊಫ್ತೊ ಅಷ್ಟಕ್ಕೇ ನಿಲ್ಲುವುದಿಲ್ಲ. ತೊಗಟೆಯ ಮೇಲೆ ಬಳ್ಳಿಬೇರು ಹರಿಸಿ ಅಲ್ಲಲ್ಲಿ ಹೊಸದಾಗಿ ಕೊಂಬೆಯೊಳಗೆ ಇಳಿಯುತ್ತದೆ. ಆದ್ದರಿಂದ ಗಂಟಿನಿಂದ ಕಾಂಡದ ಕಡೆಗೆ ಒಂದರಿಂದ ಒಂದೂವರೆ ಅಡಿ ಬಿಟ್ಟು ಆಸರೆ ಕೊಂಬೆಯನ್ನೇ ಕತ್ತರಿಸಬೇಕು. ಬಳ್ಳಿಬೇರು ಅದಕ್ಕೂ ಈಚೆ ಬಂದಿದ್ದರೆ ಇನ್ನಷ್ಟು ಹಿಂದೆ. ಕತ್ತಿಯ ಏಟಿಗಿಂತ ಗರಗಸ ಒಳ್ಳೆಯದು: ಮೊದಲು ಕೆಳಗಿನಿಂದ ಕಾಲುಭಾಗ ಕೊಯ್ದು ಆಮೇಲೆ ಮೇಲಿನಿಂದ ಕೊಯ್ದರೆ ಕೊಂಬೆ ಬೀಳುವಾಗ ತೊಗಟೆ ಸುಲಿಯುವುದಿಲ್ಲ. ಕೊಯ್ದ ಮುಖಕ್ಕೆ ಬೋರ್ಡೋ ಪೇಸ್ಟ್ ಹಚ್ಚಿ. ಅಡಿಕೆ ಬೆಳೆಗಾರರಿಗೆ ಇದು ಹೊಸದೇನಲ್ಲ, ಕೊಳೆರೋಗಕ್ಕೆ ಹೊಡೆಯುವ ದ್ರಾವಣದ ಗಟ್ಟಿ ರೂಪ: ನೂರು ಗ್ರಾಂ ಮೈಲುತುತ್ತ ಅರ್ಧ ಲೀಟರು ನೀರಿನಲ್ಲಿ, ನೂರು ಗ್ರಾಂ ಸುಟ್ಟ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಬೇರೆ ಬೇರೆಯಾಗಿ ಕರಗಿಸಿ, ಸೋಸಿ, ಆಮೇಲೆ ಸೇರಿಸುವುದು. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಬಳಸಿ, ಕಬ್ಬಿಣದ್ದು ಬೇಡ. ಮಾಡಿದ ದಿನವೇ ಹಚ್ಚಿ ಮುಗಿಸಿ.

ಬದನಿಕೆ ಮುಖ್ಯ ಕಾಂಡಕ್ಕೋ ದೊಡ್ಡ ಕವಲಿಗೋ ಅಂಟಿದ್ದರೆ ಕೊಯ್ಯಲಾಗದು. ಅಲ್ಲಿ ಸೊಪ್ಪನ್ನು ತೊಗಟೆಯ ಮಟ್ಟಕ್ಕೆ ಸವರಿ, ಆ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ ಹಾಳೆ ಸುತ್ತಿ ಸಡಿಲವಾಗಿ ಕಟ್ಟಬೇಕು. ಬೆಳಕು ಸಿಗದೆ ಚಿಗುರು ಸೊರಗುತ್ತದೆ. ಒಂದೆರಡು ವರ್ಷ ಹಿಡಿಯುತ್ತದೆ, ನಡುವೆ ಕಟ್ಟು ಕಾಂಡಕ್ಕೆ ಕಚ್ಚದಂತೆ ಬಿಚ್ಚಿ ಕಟ್ಟುತ್ತಿರಬೇಕು. ಕಳೆನಾಶಕ 2,4-ಡಿ ಹಚ್ಚುವುದು, ಡೀಸೆಲ್ ಸುರಿಯುವುದು ಅಲ್ಲಲ್ಲಿ ನಡೆಯುತ್ತದೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಬದನಿಕೆಯೂ ಕೊಂಬೆಯೂ ಒಳಗೆ ಒಂದಾಗಿ ಬೆಸೆದಿರುವಾಗ ಒಂದಕ್ಕೆ ಹಾಕಿದ ವಿಷ ಇನ್ನೊಂದನ್ನು ತಾಗದೆ ಇರುವುದಿಲ್ಲ, ಆ ಮರದ ಹಣ್ಣು ಹಕ್ಕಿಯೂ ತಿನ್ನುತ್ತದೆ, ಮಕ್ಕಳೂ ತಿನ್ನುತ್ತಾರೆ.

ಇಷ್ಟೆಲ್ಲ ಕಡಿದರೆ ಹಕ್ಕಿಗೆ ಏನು ಉಳಿಯಿತು ಎಂಬ ಪ್ರಶ್ನೆ ನ್ಯಾಯವಾದದ್ದು. ಫಲದ ಮರಗಳಿಂದ ತೆಗೆಯಿರಿ, ಎಲ್ಲ ಮರಗಳಿಂದ ಬೇಡ. ಬೇಲಿಯಂಚಿನ, ಹೊಳೆಯಂಚಿನ, ಬೆಟ್ಟದ ದೊಡ್ಡ ಕಾಡುಮರಗಳಲ್ಲಿ ಒಂದೆರಡು ಪೊದೆ ಇದ್ದರೆ ಆ ಮರಕ್ಕೆ ಅಪಾಯವಿಲ್ಲ. ತೋಪಿನಿಂದ ನೂರಿನ್ನೂರು ಮೀಟರ್ ದೂರದಲ್ಲಿ ಹೀಗೆ ಉಳಿಸಿದ ಬದನಿಕೆಯ ಪೊದೆ ಹಕ್ಕಿಯನ್ನು ಅತ್ತ ಹಿಡಿದಿಡುತ್ತದೆ, ಬೀಜವೂ ಹೆಚ್ಚಾಗಿ ಅಲ್ಲೇ ಬೀಳುತ್ತದೆ. ಪ್ರತಿ ವರ್ಷ ಸೊಪ್ಪು ಕೊಯ್ಯುವ ಬೆಟ್ಟದ ಮರಗಳಿಗೆ ಮಾತ್ರ ಸ್ವಲ್ಪ ಎಚ್ಚರ ಬೇಕು: ಸವರಿದ ಮರದೊಳಗೆ ಬೆಳಕು ಹೆಚ್ಚು, ಬದನಿಕೆ ಅಲ್ಲಿ ಬೇಗ ಹಬ್ಬುತ್ತದೆ, ಮರ ಮೊದಲೇ ಬಡವಾಗಿರುತ್ತದೆ. ಅಂಥ ಮರದಲ್ಲಿ ಸೊಪ್ಪಿನ ಜೊತೆಗೇ ಬದನಿಕೆಯ ಕೊಂಬೆಯನ್ನೂ ತೆಗೆದು ಆಡಿಗೆ ಹಾಕುವುದು ಸರಿ.

ಮನೆಯ ಹತ್ತಿರ ಹಕ್ಕಿ ಬೇಕೆನ್ನುವವರಿಗೆ ಗಸಗಸೆ ಹಣ್ಣಿನ ಮರ ಒಳ್ಳೆಯ ಆಯ್ಕೆ. ಅಮೆರಿಕದ ಉಷ್ಣವಲಯದಿಂದ ಬಂದ ಮರವಾದರೂ ಸಾಮಾನ್ಯ ಬದನಿಕೆ ಹಕ್ಕಿಗೆ ಇದರ ಕೆಂಪು ಹಣ್ಣು ಪ್ರಿಯ. ಹಣ್ಣು ದೊಡ್ಡದಾದ್ದರಿಂದ ನುಂಗದೆ ಕುಕ್ಕಿ ಹಿಂಡಿ ತಿರುಳನ್ನು ತಿನ್ನುತ್ತದೆ. ಬೇಗ ಬೆಳೆದು ಎರಡು ಮೂರು ವರ್ಷದಲ್ಲೇ ಫಲ ಕೊಡುತ್ತದೆ. ಬಾವಿಯ ಮೇಲೆ, ಹೆಂಚಿನ ಮಾಡಿನ ಮೇಲೆ ಬಾಗದಷ್ಟು ದೂರ ನೆಡಿ, ಎಲೆ ಹಣ್ಣು ಉದುರುವುದು ಜಾಸ್ತಿ. ಹಕ್ಕಿ ಬಾವಲಿಗಳು ಬೀಜ ಹರಡುವುದರಿಂದ ಬೆಟ್ಟದೊಳಗೆ ನೆಡಬೇಡಿ, ಅಲ್ಲಿಗೆ ಅತ್ತಿ, ಬಸರಿ ಸಾಕು. ಗಸಗಸೆ ಹಣ್ಣಿನ ಮರ ಅಷ್ಟೇನೂ ಎತ್ತರ ಹೋಗದ ಕಾರಣ ನೋಡುವವರಿಗೂ ಅನುಕೂಲ: ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ, ಸೂರ್ಯನಿಗೆ ಬೆನ್ನು ಮಾಡಿ ನಿಂತರೆ, ಎಂಟು ಪಟ್ಟು ಹಿಗ್ಗಿಸುವ ಸಾಮಾನ್ಯ ದುರ್ಬೀನಿನಲ್ಲಿ ಕೊಕ್ಕಿನ ಬಣ್ಣ ಕಾಣುತ್ತದೆ. ಗೂಡಿನ ಫೋಟೊಗಾಗಿ ಅಡ್ಡ ಬಂದ ಎಲೆ ಕತ್ತರಿಸುವುದು ಮಾತ್ರ ಎಂದಿಗೂ ಬೇಡ; ಆ ಎಲೆಯೇ ಮರಿಗೆ ನೆರಳು, ಅದು ಹೋದರೆ ಏಪ್ರಿಲ್ ಬಿಸಿಲಿಗೆ ಮರಿ ಬೇಯುತ್ತದೆ, ಕಾಗೆಯ ಕಣ್ಣಿಗೂ ಬೀಳುತ್ತದೆ.

ರೆಂಬೆ ಮುರಿದು ಮರಿಯಿರುವ ಗೂಡು ಕೆಳಗೆ ಬಿದ್ದರೆ ಮನೆಯೊಳಗೆ ತಂದು ಸಾಕಲು ಹೋಗಬೇಡಿ, ಅನ್ನ ಹಾಲು ಹಾಕಿದರೆ ಮರಿ ಉಳಿಯದು. ರೆಂಬೆ ಸಮೇತ ಎತ್ತಿ, ಅದೇ ಮರದಲ್ಲಿ, ಬಿದ್ದ ಜಾಗಕ್ಕೆ ಆದಷ್ಟು ಹತ್ತಿರ, ನೆರಳಿರುವ ಕೊಂಬೆಗೆ, ಬಾಗಿಲು ಮೇಲ್ಮುಖವಾಗದಂತೆ ದಾರದಿಂದ ಕಟ್ಟಿ ದೂರ ಸರಿಯಿರಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಹಕ್ಕಿ ತ್ಯಜಿಸುತ್ತದೆ ಎಂಬುದು ತಪ್ಪು ನಂಬಿಕೆ. ಮರಿಯ ಕೂಗು ಕೇಳಿ ತಾಯಿ ತಂದೆ ಹುಡುಕಿಕೊಂಡು ಬರುವ ಸಾಧ್ಯತೆ ಚೆನ್ನಾಗಿದೆ, ಹತ್ತಿರ ಜನ ನಿಂತಿರಬಾರದು ಅಷ್ಟೆ.

ನವೆಂಬರಿನಲ್ಲಿ ಕಡಿದ ಮರವನ್ನು ಮುಂದಿನ ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿ. ಕೊಯ್ದ ತುದಿಯ ಹಿಂದೆ ಒಂದಡಿ ಜಾಗದಲ್ಲಿ ದಪ್ಪ ಎಲೆಯ ಚಿಗುರು ಬಂದಿದ್ದರೆ ಬಳ್ಳಿಬೇರು ಉಳಿದಿತ್ತೆಂದು ಅರ್ಥ, ಇನ್ನೊಂದು ಅಡಿ ಹಿಂದಕ್ಕೆ ಕೊಯ್ಯಬೇಕು. ಕೈಗೆಟಕುವ ತೆಳು ಕೊಂಬೆಗಳ ಮೇಲ್ಮೈಯಲ್ಲಿ ಎರಡೆಲೆಯ ಹೊಸ ಸಸಿಗಳಿದ್ದರೆ ಅವು ಆ ವರ್ಷದ ಹಕ್ಕಿ ಒರೆಸಿದ ಬೀಜಗಳು. ಬೆರಳಿನಿಂದ ಕೆರೆದು ತೆಗೆಯಿರಿ, ಅದಕ್ಕೆ ಕತ್ತಿ ಬೇಕಾಗಿಲ್ಲ.